ಎರಡು ಊರಿನ ನಿದ್ದೆ

ನಂಜನಗೂಡು
9 ಜೂನ್ 2025

ಚನ್ನಾಜಿಗೆ,

ಈ ಕಾಗದ ನೋಡಿ ನೀನು ಮೊದಲು ನಗುತ್ತೀಯ, ಆಮೇಲೆ ಗಾಬರಿ ಬೀಳುತ್ತೀಯ. ಎರಡೂ ಬೇಡ. ಇಲ್ಲಿ ಎಲ್ಲ ಚೆನ್ನಾಗಿದೆ. ನಿನ್ನೆ ಫೋನಿನಲ್ಲಿ ನಾನು ಅಷ್ಟು ಹೊತ್ತು ಮಾತಾಡಿದ ಮೇಲೆ ನೀನು, "ಏನಂದ್ರಿ? ಒಂದೂ ತಿಳೀನಿಲ್ಲ, ಒಸಿ ಗಟ್ಟಿಯಾಗಿ ಮಾತಾಡ್ರೀ" ಎಂದೆಯಲ್ಲ, ಆಗಲೇ ತೀರ್ಮಾನ ಮಾಡಿದೆ, ಇನ್ನು ಮೇಲೆ ಬರೆಯುವುದೇ ಸರಿ ಎಂದು. ಆಪರೇಷನ್ ಆದ ಮೇಲೆ ಕೆಲವರಿಗೆ ದನಿ ಕುಗ್ಗುತ್ತದೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಎದುರಿಗೆ ಕೂತವರು ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಫೋನಿನಲ್ಲಿ ಬರೀ ಗುಸುಗುಸು.

ಆದರೆ ದನಿ ತೆಗೆದುಕೊಂಡ ಕರೆಂಟು ಕೈ ವಾಪಸು ಕೊಟ್ಟಿದೆ. ನೋಡು, ಸಾಲು ನೆಟ್ಟಗಿದೆ. ಒಂಬತ್ತು ವರ್ಷ ಈ ಪಾರ್ಕಿನ್ಸನ್ ಕಾಯಿಲೆ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡಿತ್ತು, ಲೋಟ ಕಿತ್ತುಕೊಂಡಿತ್ತು, ಅಂಗಿಯ ಗುಂಡಿ ಹಾಕುವುದಕ್ಕೂ ನಿನ್ನನ್ನೇ ಕರೆಯಬೇಕಾಗಿತ್ತು. ಈಗ ಎದೆಯ ಚರ್ಮದ ಕೆಳಗೆ ಕೂತ ಡಬ್ಬಿ ಹಗಲೂ ರಾತ್ರಿ ಮಿದುಳಿಗೆ ಸಣ್ಣಗೆ ಕರೆಂಟು ಕಳಿಸುತ್ತಾ ಇದೆ, ನನಗೆ ಗೊತ್ತೂ ಆಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ನಿದ್ದೆ. ಮೈ ಮರಗಟ್ಟಿ, ಮಗ್ಗುಲು ಬದಲಿಸಬೇಕೆಂದರೆ ನಿನ್ನನ್ನು ಎಬ್ಬಿಸುತ್ತಿದ್ದೆನಲ್ಲ, ಈಗ ನಾನೇ ಹೊರಳುತ್ತೇನೆ. ಬೆಳಗಾದ ಮೇಲೆಯೇ ಎಚ್ಚರವಾಗುವುದು.

ಡಬ್ಬಿಯ ಕರೆಂಟು ಏರಿಸಿ ಇಳಿಸುವ ರಿಮೋಟಿನ ವಿಷಯ ನೀನು ಕೇಳಿದೆ. ಅದು ಬೀರುವಿನಲ್ಲಿದೆ. ಡಾಕ್ಟರಮ್ಮ ಮೇಲೆ ಕೆಳಗೆ ಒಂದಿಷ್ಟು ಜಾಗ ಬಿಟ್ಟುಕೊಟ್ಟಿದ್ದಾರೆ, ತೀರಾ ತೊಂದರೆಯಾದರೆ ಮಾತ್ರ ಒತ್ತಿ ಎಂದಿದ್ದಾರೆ. ನಾನು ಮುಟ್ಟುವುದಿಲ್ಲ.

ಪಕ್ಕದ ಮನೆಯಿಂದ ತಮ್ಮ ಬೆಟ್ಟಸ್ವಾಮಿಯ ಹೆಂಡತಿ ಊಟ ಕಳಿಸುತ್ತಾಳೆ. ಅವನು ದಿನಕ್ಕೆ ನಾಲ್ಕು ಸಲ ಬಂದು ಇಣುಕಿ ಹೋಗುತ್ತಾನೆ. ಮಗಳಿಗೆ ಡಾಕ್ಟರು ಬಸ್ಸು ಹತ್ತಬೇಡ, ಹಾಸಿಗೆ ಬಿಟ್ಟು ಏಳಬೇಡ ಎಂದಿರುವಾಗ ಬಾಣಂತನ ನಮ್ಮ ಮನೆಯಲ್ಲೇ ಆಗಬೇಕೆಂಬ ಹಟ ನನಗಿಲ್ಲ. ಎಷ್ಟು ದಿನ ಬೇಕೋ ಇದ್ದು ಬಾ. ಕಾಗದವನ್ನು ನಮ್ಮ ಬೀದಿಯ ಪವಿತ್ರ ಟೀಚರ್ ಕೈಲಿ ಕಳಿಸುತ್ತಿದ್ದೇನೆ. ಅವಳು ದಿನಾ ನೀನಿರುವ ಊರಿನ ಹೈಸ್ಕೂಲಿಗೇ ಬರುವವಳು, ಉತ್ತರವನ್ನೂ ಅವಳೇ ತರುತ್ತಾಳೆ.

ಇಂತಿ,
ಶಂಭುಲಿಂಗಪ್ಪ


ಟಿ. ನರಸೀಪುರ
14 ಜೂನ್ 2025

ಮಧುಶ್ರೀ ಅಪ್ಪಾಜಿಯವರಿಗೆ ಚನ್ನಾಜಮ್ಮ ಮಾಡುವ ಶರಣು.

ನಗಲಿಲ್ಲ, ಗಾಬರಿಯೂ ಬೀಳಲಿಲ್ಲ. ಅತ್ತುಬಿಟ್ಟೆ. ನಿಮ್ಮ ಅಕ್ಷರ ವರ್ಷ ವರ್ಷಕ್ಕೆ ಸಣ್ಣದಾಗುತ್ತಾ ಕೊನೆಗೆ ಇರುವೆ ಸಾಲಿನಂತೆ ಆಗಿಹೋಗಿತ್ತು. ಈ ಕಾಗದವನ್ನು ನಾನು ಮಧುಶ್ರೀ ಮುಖದ ಮುಂದೆ ಹಿಡಿದು, "ಯಾರ ಅಕ್ಸರ ಏಳು ನೋಡವ" ಅಂದೆ. ಅವಳು ಬಹಳ ಹೊತ್ತು ನೋಡಿ, "ಅಪ್ಪಾಜೀದಾ?" ಅಂದಳು. ಆಮೇಲೆ ಅವಳೂ ಅತ್ತಳು. ನಿಮ್ಮ ತಲೆಗೆ ಕೈ ಹಾಕಿದ ಆ ಡಾಕ್ಟರುಗಳ ಹೊಟ್ಟೆ ತಣ್ಣಗಿರಲಿ.

ಅಳಿಯ ರುದ್ರೇಶ್ ಚೆಸ್ಕಾಂನಲ್ಲಿ ಲೈನ್‌ಮನ್ ಅಲ್ಲವೇ, ಅವರಿಗೆ ಒಂದೇ ಯೋಚನೆ. "ಅತ್ತೆ, ಮಾವನಿಗೆ ಎಷ್ಟು ವೋಲ್ಟ್ ಓಯ್ತದೆ? ಕರೆಂಟ್ ಓದ್ರೆ ಏನ್ ಗತಿ?" ಎಂದು ಊಟದ ಹೊತ್ತಿಗೆಲ್ಲ ಕೇಳುತ್ತಾರೆ. ಅದು ಬ್ಯಾಟರಿಯದು, ಕಂಬದ ಕರೆಂಟಲ್ಲ ಅಂದರೂ ಸಮಾಧಾನವಿಲ್ಲ.

ಮಧುಶ್ರೀ ಚೆನ್ನಾಗಿದ್ದಾಳೆ. ಕಾಲು ಊತ ಇಳಿದಿದೆ. ನನಗೂ ಇಲ್ಲಿ ಏನೂ ಕಷ್ಟವಿಲ್ಲ. ಊಟ ಸೇರುತ್ತದೆ, ನಿದ್ದೆಯೂ ಚೆನ್ನಾಗಿ ಬರುತ್ತದೆ. ನೀವು ನನ್ನ ಯೋಚನೆ ಮಾಡಬೇಡಿ. ಮಾತ್ರೆ ತಪ್ಪಿಸಬೇಡಿ.

ಚನ್ನಾಜಮ್ಮ


ನಂಜನಗೂಡು
26 ಜೂನ್ 2025

ಚನ್ನಾಜಿಗೆ,

ಉತ್ತರ ಬರೆಯುವುದು ತಡವಾಯಿತು. ಮನೆ ಮುಂದಿನ ಅಂಗಡಿಯ ಬಾಗಿಲು ತೆಗೆದೆ. ಹೆದರಬೇಡ, ಒಂದು ಮೆಷಿನ್ ಮಾತ್ರ. ಸ್ಕೂಲು ಶುರುವಾಗಿದೆ, ಯೂನಿಫಾರಂ ಹೊಲಿಸುವವರು ಬೇರೆ ಕಡೆ ತಿರುಗಾಡಿ ಸಾಕಾಗಿದ್ದಾರೆ. ಪಕ್ಕದ ಹಳ್ಳಿ ಹದಿನಾರಿನಿಂದ ಕರಿಯಯ್ಯ ಮೊಮ್ಮಗಳನ್ನು ಕರೆದುಕೊಂಡು ಬಂದವನು ಬಾಗಿಲಲ್ಲೇ ನಿಂತು, "ಸಂಬುಲಿಂಗಪ್ನೋರೇ, ನೀವ್ ಬದ್ಕಿದ್ದೀರಾ!" ಎಂದ. ಬದುಕಿದ್ದೇನೆ ಕಣಪ್ಪ ಎಂದೆ. ಅವನಿಗೆ ಕೇಳಿಸಲಿಲ್ಲ. ಟೇಪು ಹಿಡಿದು ಮಗುವಿನ ಭುಜದ ಅಳತೆ ತೆಗೆದೆ. ಅದು ಅವನಿಗೆ ಅರ್ಥವಾಯಿತು.

ನೇರ ಹೊಲಿಗೆ ಬರುತ್ತದೆ. ಗುಂಡಿಯ ಕಾಜಾ ಮಾತ್ರ ಇನ್ನೂ ಸೊಟ್ಟ. ಅಷ್ಟೊಂದು ಬಂದಿರುವಾಗ ಇಷ್ಟು ಯಾಕೆ ಬರಬಾರದು ಎನ್ನಿಸುತ್ತದೆ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಬರೆದಿದ್ದೀಯ. ಈ ಮನೆಯಲ್ಲಿ ಇರುವಾಗ ಇಷ್ಟು ವರ್ಷದಲ್ಲಿ ಒಂದು ದಿನವೂ ನಿನ್ನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಸಂತೋಷ. ಅಲ್ಲೇ ಚೆನ್ನಾಗಿದ್ದರೆ ಅಲ್ಲೇ ಇರು.

ಶಂಭುಲಿಂಗಪ್ಪ


ನಂಜನಗೂಡು
6 ಜುಲೈ 2025

ಚನ್ನಾಜಿ, ಅಜ್ಜಿ, ಪುಟ್ಟಲಕ್ಷ್ಮಿಯ ಅಜ್ಜಿ!

ಹೆಣ್ಣು ಮಗು, ತಾಯಿ ಮಗು ಕ್ಷೇಮ ಎಂದು ರುದ್ರೇಶ್ ಫೋನ್ ಮಾಡಿದಾಗಿನಿಂದ ನನಗೆ ಕೂತ ಕಡೆ ಕೂರಲು ಆಗುತ್ತಿಲ್ಲ. ಹೆಸರಿಡುವ ತನಕ ನನ್ನ ಪಾಲಿಗೆ ಅವಳು ಪುಟ್ಟಲಕ್ಷ್ಮಿ. ಬೀದಿಗೆಲ್ಲ ಸಕ್ಕರೆ ಹಂಚಿದೆ. ಈ ಗಂಟಿನಲ್ಲಿ ಮಗುವಿಗೆ ಅಂಗಿಗಳಿವೆ, ಕುಲಾವಿಗಳಿವೆ. ಮೆತ್ತನೆ ಹತ್ತಿ ಬಟ್ಟೆ, ಒಗೆದು ಒಣಗಿಸಿದ್ದು. ಹೊಲಿಗೆಯ ಅಂಚು ಹೊರಗಡೆ ಇಟ್ಟಿದ್ದೇನೆ, ಮಗುವಿನ ಮೈಗೆ ಒತ್ತುವುದಿಲ್ಲ. ಕಾಜಾ ನೋಡು, ಕಾಜಾ! ನೀನೇ ಮಾಡಿದಂತಿದೆ. ಇನ್ನು ಮೇಲೆ ಹೆಮ್ಮಿಂಗ್, ಹುಕ್ಕು, ಗುಂಡಿ ಯಾವುದಕ್ಕೂ ನೀನು ಸೂಜಿ ಹಿಡಿಯುವ ಹಾಗಿಲ್ಲ. ಎಲ್ಲ ನಾನೇ ಮಾಡುತ್ತೇನೆ. ನೀನು ರಾಣಿಯ ಹಾಗೆ ಕೂತಿರಬೇಕು.

ಕಪಿಲೆ ತುಂಬಿದ್ದಾಳೆ. ಬೆಳಿಗ್ಗೆ ಬೇಗ ಎದ್ದು ಹೊಳೆಯ ತನಕ ನಡೆದು ಬರುತ್ತೇನೆ. ಎಷ್ಟು ನಡೆದರೂ ಕಾಲು ಸೋಲುವುದಿಲ್ಲ.

ಶಂಭು


ಟಿ. ನರಸೀಪುರ
9 ಜುಲೈ 2025

ಮಧುಶ್ರೀ ಅಪ್ಪಾಜಿಯವರಿಗೆ ಶರಣು.

ಗಂಟು ಬಿಚ್ಚಿದಾಗ ಬಾಣಂತಿ ಕೋಣೆ ತುಂಬ ಹೊಸ ಬಟ್ಟೆಯ ವಾಸನೆ. ನೀಲಿ ಹೂವಿನ ಅಂಗಿ ಹಾಕಿದೆವು. ನಿಮ್ಮ ಮೊಮ್ಮಗಳು ಅದರಲ್ಲಿ ಮುಳುಗಿ ಬರೀ ಮೂಗು ಕಾಣುತ್ತದೆ. ಮೂಗು ನಿಮ್ಮದೇ. ಕಾಜಾಗಳನ್ನು ಬೆರಳಲ್ಲಿ ಸವರಿ ನೋಡಿದೆ. ಮದುವೆಯಾದ ಹೊಸದರಲ್ಲಿ ನೀವು ನನಗೆ ಕಾಜಾ ಹೊಲಿಯುವುದನ್ನು ಕಲಿಸುವಾಗ ನಾನು ಎಷ್ಟು ಬಟ್ಟೆ ಹಾಳು ಮಾಡಿದ್ದೆ! ಬೈಯಲಿಲ್ಲ ನೀವು.

ದೇವರು ನಮಗೆ ಎಷ್ಟೊಂದು ಕೊಟ್ಟ ಎಂದು ಮಗುವಿಗೆ ನೀರು ಹಾಕುವಾಗ ದಿನಾ ಅಂದುಕೊಳ್ಳುತ್ತೇನೆ. ಬೆಳಿಗ್ಗೆ ಬೇಗ ಎಂದು ಬರೆದಿದ್ದೀರಿ, ಎಷ್ಟು ಬೇಗ? ಕತ್ತಲಲ್ಲಿ ಹೊಳೆ ಕಡೆ ಹೋಗಬೇಡಿ.

ಚನ್ನಾಜಮ್ಮ


ನಂಜನಗೂಡು
16 ಜುಲೈ 2025

ಚನ್ನಾಜಿ,

ಬರೆಯುವುದು ಬಹಳ ಇದೆ, ಕೈ ಓಡುತ್ತಿದೆ, ಆದರೆ ತಲೆ ಕೈಗಿಂತ ಮುಂದೆ ಓಡುತ್ತಿದೆ. ಈ ಸಲದ ಗಂಟು ಪವಿತ್ರಳ ಕೈಯಲ್ಲಿ ಹಿಡಿಯಲಿಲ್ಲ, ಎರಡು ಚೀಲ ಮಾಡಿದೆ. ಒಂದರಲ್ಲಿ ಆರು ತಿಂಗಳ ಮಗುವಿಗೆ, ಒಂದು ವರ್ಷಕ್ಕೆ, ಎರಡು ವರ್ಷಕ್ಕೆ. ಇನ್ನೊಂದರಲ್ಲಿ ಸ್ಕೂಲ್ ಯೂನಿಫಾರಂ. ಹೌದು, ಪುಟ್ಟಲಕ್ಷ್ಮಿ ಒಂದನೇ ಕ್ಲಾಸಿಗೆ ಹೋಗುವಾಗ ಹಾಕಿಕೊಳ್ಳುವುದಕ್ಕೆ! ಆಗ ಬಟ್ಟೆ ಸಿಗುತ್ತದೋ ಇಲ್ಲವೋ, ಈಗಲೇ ಆಗಿಹೋಗಲಿ. ಲಂಗ ದಾವಣಿಗೂ ಬಟ್ಟೆ ತೆಗೆದಿಟ್ಟಿದ್ದೇನೆ.

ಇನ್ನೊಂದು ವಿಷಯ, ಕವಲಂದೆಯಲ್ಲಿ ಒಂದು ಬ್ರಾಂಚ್ ಮಾಡೋಣ. ತಾಂಡವಪುರದಲ್ಲಿ ಇನ್ನೊಂದು. ಬೋರ್ಡಿಗೆ ಹೇಳಿದ್ದೇನೆ. ಹುಲ್ಲಹಳ್ಳಿ ರಸ್ತೆಯ ಕಡೆಯೂ ಜಾಗ ನೋಡಿದೆ. ಬೆಟ್ಟಸ್ವಾಮಿ, "ಅಣ್ಣ, ಒಸಿ ಕೂತ್ಕಳಿ, ಊಟ ಮಾಡಿ" ಅನ್ನುತ್ತಾನೆ. ಅವನ ಸ್ಕೂಟರನ್ನು ಅವನು ಏಳುವುದರೊಳಗೆ ತೊಳೆದು ಒರೆಸಿ ಇಟ್ಟಿದ್ದೆ, ಅದಕ್ಕೂ ಮುಖ ಸಪ್ಪಗೆ ಮಾಡಿದ. ನನ್ನ ಸಂತೋಷ ಯಾರಿಗೂ ಹಿಡಿಸುತ್ತಿಲ್ಲ.

ನಿದ್ದೆ ಎಂಬುದು ಎಂಥ ದಂಡದ ಕೆಲಸ ಗೊತ್ತೇ? ಅರ್ಧ ಆಯಸ್ಸು ಅದಕ್ಕೇ ಹೋಗುತ್ತದೆ. ನನಗೆ ಅದು ಬೇಡವೇ ಬೇಡವಾಗಿದೆ, ಆಯಾಸವೂ ಇಲ್ಲ! ಒಂಬತ್ತು ವರ್ಷ ಕಳೆದುಕೊಂಡದ್ದನ್ನು ಈ ಒಂದು ವರ್ಷದಲ್ಲಿ ಹಿಡಿಯುತ್ತೇನೆ. ನೀನು ಬರುವಾಗ ನೋಡು, ಮನೆ ಗುರುತು ಸಿಗುವುದಿಲ್ಲ ನಿನಗೆ. ಪಾತ್ರೆ ಎಲ್ಲ ಇಳಿಸಿ ಬೆಳಗಿದ್ದೇನೆ. ಅಡುಗೆ ಮನೆ ಗೋಡೆಗೆ ಹಸಿರು ಬಣ್ಣ. ಹಸಿರು ಬೇಡವೆಂದರೆ ಹೇಳು, ಈ ರಾತ್ರಿಯೇ ಬೇರೆ ಹೊಡೆಯುತ್ತೇನೆ!

ನಿನ್ನ ಶಂಭು


ಟಿ. ನರಸೀಪುರ
18 ಜುಲೈ 2025

ಮಧುಶ್ರೀ ಅಪ್ಪಾಜಿಯವರಿಗೆ.

ನಿಮ್ಮ ಅಕ್ಷರ ಹಾಳೆಯ ಅಂಚು ದಾಟಿ ಹೋಗಿದೆ. ಇಷ್ಟು ದೊಡ್ಡ ಅಕ್ಷರ ನಿಮ್ಮದು ಯಾವತ್ತೂ ಅಲ್ಲ, ಕಾಯಿಲೆಗಿಂತ ಮೊದಲೂ ಅಲ್ಲ.

ಪವಿತ್ರ ಚೀಲ ಇಟ್ಟು ಹೋಗುವಾಗ ಬಾಗಿಲಲ್ಲಿ ನಿಂತು, "ಚನ್ನಾಜತ್ತೆ, ಬೇಜಾರ್ ಮಾಡ್ಕಬೇಡಿ, ಮಾವ ಮಲಗದೇ ಇಲ್ಲ ಕಣತ್ತೆ. ನಮ್ ಮನೇಲಿ ಯಾವಾಗ್ ಎಚ್ರ ಆದ್ರೂ ನಿಮ್ಮನೆ ಮೆಸಿನ್ ಸದ್ದು ಕೇಳ್ತದೆ" ಅಂದಳು. ಯೂನಿಫಾರಂ ನೋಡಿ ರುದ್ರೇಶ್ ನಕ್ಕರು. ನನಗೆ ನಗು ಬರಲಿಲ್ಲ.

ಒಂದೇ ಮಾತು ಕೇಳುತ್ತೇನೆ. ಬೀರುವಿನಲ್ಲಿದ್ದ ರಿಮೋಟು ಈಗ ಎಲ್ಲಿದೆ? ನಿಜ ಬರೆಯಿರಿ.

ಚನ್ನಾಜಮ್ಮ


ನಂಜನಗೂಡು
24 ಜುಲೈ 2025

ಚನ್ನಾಜಮ್ಮನವರಿಗೆ,

ರಿಮೋಟು ನನ್ನ ಜೇಬಿನಲ್ಲಿದೆ. ಆಯಿತಾ?

ಮೇಲಕ್ಕೆ ಒತ್ತಿದ್ದೇನೆ. ಮೊದಲು ಒಂದು ಸಲ, ಆಮೇಲೆ ಎರಡು, ಆಮೇಲೆ ಡಾಕ್ಟರಮ್ಮ ಬಿಟ್ಟ ಕೊನೆಯ ತನಕ. ಒತ್ತಿದ ಮೇಲೆ ಕಾಜಾ ಬಂತು. ಕಾಜಾ ಬಂದ ದಿನ ನಾನು ಅಂಗಡಿಯಲ್ಲಿ ಒಬ್ಬನೇ ಕೂತು ಅತ್ತೆ, ಅದು ನಿನಗೆ ಗೊತ್ತಿಲ್ಲ. ಯಾರಿಗಾಗಿ ಒತ್ತಿದೆ ಎಂದು ಒಂದು ಮಾತು ಕೇಳಲಿಲ್ಲ ನೀನು. ರಿಮೋಟು ಎಲ್ಲಿ ಎಂದು ಪೊಲೀಸಿನವರಂತೆ ಕೇಳಿದೆ.

ಆ ಊರಿಗೆ ಹೋದವಳು ನಿದ್ದೆ ಚೆನ್ನಾಗಿ ಬರುತ್ತದೆ ಎಂದು ಬರೆದೆಯಲ್ಲ, ಆ ಸಾಲು ನನಗೆ ಸೂಜಿ ಮುರಿದು ಬೆರಳಲ್ಲಿ ಉಳಿದಂತಾಗಿದೆ. ನನ್ನ ಜೊತೆ ಇದ್ದಷ್ಟು ದಿನ ನಿನಗೆ ನಿದ್ದೆಯಿಲ್ಲ. ನನ್ನ ಬಿಟ್ಟು ಹೋದ ಕೂಡಲೇ ನಿದ್ದೆ. ಇನ್ನು ಈ ರೋಗಿಷ್ಠನ ಸಹವಾಸಕ್ಕೆ ನೀನು ವಾಪಸು ಬರುವುದಿಲ್ಲ ಎಂದುಕೊಂಡೆ. ಅದಕ್ಕೇ, ನೀನು ಬರುವ ಹೊತ್ತಿಗೆ ಗಟ್ಟಿಮುಟ್ಟಾದ ಗಂಡ ಇರಲಿ, ಯಾತಕ್ಕೂ ನಿನ್ನನ್ನು ಎಬ್ಬಿಸದಂಥವನು ಇರಲಿ ಎಂದು ಮಾಡಿದೆ. ನಡುಗುತ್ತಾ ಕೂತಿದ್ದರೇ ನಿಮಗೆಲ್ಲ ಸಮಾಧಾನ. ಕೈ ಆಡತೊಡಗಿದರೆ ಎಲ್ಲರಿಗೂ ಹೆದರಿಕೆ.

ಬೆಟ್ಟಸ್ವಾಮಿಯನ್ನು ನಿನ್ನೆ ಬೈದು ಕಳಿಸಿದೆ. ಬೋರ್ಡು ಬರೆಯುವವನನ್ನೂ ಬೈದೆ. ಕಣ್ಣು ಉರಿಯುತ್ತದೆ. ಮುಚ್ಚಿದರೂ ಒಳಗೆ ಮೆಷಿನ್ ತುಳಿಯುತ್ತಲೇ ಇರುತ್ತದೆ.

ಶಂಭುಲಿಂಗಪ್ಪ


ಟಿ. ನರಸೀಪುರ
27 ಜುಲೈ 2025

ರೀ,

ಈ ಕಾಗದವನ್ನು ಒಂದೇ ಸಲ ಕೂತು ಪೂರ್ತಿ ಓದಿ. ನಡುವೆ ಎದ್ದು ಹೋಗಬೇಡಿ.

ನಾನು ಬರೆದ ಒಂದು ಸಾಲು ನಿಮ್ಮನ್ನು ಇಷ್ಟು ದಿನ ಕೊರೆಯುತ್ತದೆ ಎಂದು ಗೊತ್ತಿದ್ದರೆ ಆವತ್ತೇ ಉಳಿದದ್ದನ್ನೂ ಬರೆಯುತ್ತಿದ್ದೆ. ನಿದ್ದೆ ಚೆನ್ನಾಗಿ ಬರುತ್ತದೆ ಎನ್ನುವುದು ನಿಜ. ಇಲ್ಲಿಗೆ ಬಂದ ಮೊದಲ ರಾತ್ರಿ ಮಲಗಿದವಳನ್ನು ಮಧುಶ್ರೀ ಬೆಳಿಗ್ಗೆ ಭುಜ ಅಲುಗಿಸಿ ಎಬ್ಬಿಸಬೇಕಾಯಿತು. ಮಗು ಹುಟ್ಟಿದ ಮೇಲೆ ಅದು ಪಕ್ಕದಲ್ಲೇ ಕಿರುಚುತ್ತಿದ್ದರೂ ನನಗೆ ಕೇಳಿಸಲಿಲ್ಲ. ಬಾಣಂತನಕ್ಕೆ ಬಂದವಳು ಹೀಗೆ ಮಲಗಿದರೆ ಹೇಗೆ ಎಂದು ನನಗೇ ನಾಚಿಕೆ. ಅದಕ್ಕೇ ನಿಮಗೆ ಬಿಡಿಸಿ ಬರೆಯಲಿಲ್ಲ.

ಅಲ್ಲಿ ಯಾಕೆ ನಿದ್ದೆ ಬರುತ್ತಿರಲಿಲ್ಲ ಎಂದು ಈಗ ಹೇಳುತ್ತೇನೆ. ನಿಮ್ಮನ್ನು ಮಗ್ಗುಲು ಬದಲಿಸುವುದು ನನಗೆ ಯಾವತ್ತೂ ಭಾರವಾಗಿರಲಿಲ್ಲ. ಮೂರು ವರ್ಷದ ಹಿಂದೆ ನನ್ನ ಎಡಗೈ ಮಣಿಕಟ್ಟು ಮುರಿದದ್ದು ಬಚ್ಚಲಲ್ಲಿ ಜಾರಿ ಅಲ್ಲ. ನೀವು ಕನಸಿನಲ್ಲಿ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದಿರಿ. "ಬುಡ್ಲಾ, ಬುಡೋ ಅವಳ್ನ" ಎಂದು ಕೂಗಿ ಒದ್ದಿರಿ. ನಾನು ಮಂಚದಿಂದ ಕೆಳಗೆ ಬಿದ್ದೆ. ಬೆಳಗಾದ ಮೇಲೆ ನನ್ನ ಕೈ ನೋಡಿ ನೀವೇ ಕೇಳಿದಿರಿ, "ಏನಾಯ್ತೇ?" ಎಂದು. ನಿಮ್ಮ ಮುಖದಲ್ಲಿ ಏನೂ ಇರಲಿಲ್ಲ, ಮಗುವಿನ ಮುಖದ ಹಾಗಿತ್ತು. ಎಚ್ಚರದಲ್ಲಿ ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ ನೀವು. ಏನೆಂದು ಹೇಳಲಿ? ಜಾರಿದೆ ಅಂದೆ. ಅದಕ್ಕೆ ಮೊದಲೂ ಆಮೇಲೂ ಎಷ್ಟೋ ಸಲ ಏಟು ಬಿದ್ದಿದೆ, ಇಷ್ಟು ದೊಡ್ಡದಲ್ಲ. ಅಂದಿನಿಂದ ನಾನು ಮಲಗುತ್ತಿದ್ದೆ, ನಿದ್ದೆ ಮಾಡುತ್ತಿರಲಿಲ್ಲ. ನಿಮ್ಮ ಉಸಿರು ಬದಲಾದರೆ ಸಾಕು, ಎದ್ದು ಕೂತಿರುತ್ತಿದ್ದೆ.

ಆಪರೇಷನ್ ಆದ ಮೇಲೆ ಇದೂ ಹೋಗುತ್ತದೆ ಎಂದುಕೊಂಡಿದ್ದೆ. ಮೇ ತಿಂಗಳಲ್ಲಿ ಒಂದು ರಾತ್ರಿ ನೀವು ದಿಂಬಿಗೆ ಗುದ್ದಿದಿರಿ, ನನ್ನ ತಲೆಯ ಪಕ್ಕದಲ್ಲೇ. ನೀವು ಆರಾಮವಾಗಿ ಮಲಗಿಯೇ ಇದ್ದಿರಿ. ಬೆಳಿಗ್ಗೆ, "ಎಂಥ ಒಳ್ಳೇ ನಿದ್ದೆ ಬಂತು ಚನ್ನಾಜಿ" ಅಂದಿರಿ. ನಿಮ್ಮ ಆ ಸಂತೋಷಕ್ಕೆ ನೀರು ಹಾಕಲು ಮನಸ್ಸು ಬರಲಿಲ್ಲ.

ನಿಮ್ಮ ಸಹವಾಸ ಸಾಕಾಗಿ ನಾನು ಇಲ್ಲಿ ಕೂತಿಲ್ಲ. ಮಲಗಲು ಹೆದರಿಕೆ, ಅಷ್ಟೇ. ಅದು ನಿಮ್ಮ ಮೇಲಿನ ಹೆದರಿಕೆ ಅಲ್ಲ. ನನಗೆ ಗಟ್ಟಿಮುಟ್ಟಾದ ಗಂಡ ಬೇಡ. ಕಾಜಾ ನಾನೇ ಮಾಡುತ್ತೇನೆ, ಅಷ್ಟು ವರ್ಷ ಮಾಡಿದ್ದೇನೆ, ಕೈಗೆ ಅದು ಬೇಕು ಕೂಡ. ಮಲಗದೆ ನೀವು ಹೀಗೆ ಉರಿದುಹೋದರೆ ನಾನು ಯಾರ ಮನೆಗೆ ವಾಪಸು ಬರಲಿ?

ಬೆಟ್ಟಸ್ವಾಮಿ ಮೈದುನನ ಹತ್ತಿರ ಫೋನಿನಲ್ಲಿ ಮಾತಾಡಿದ್ದೇನೆ. ನೀವು ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. "ಅತ್ಗೆ, ನಾಳೇನೇ ಬೆಂಗ್ಳೂರ್ಗೆ ಕರ್ಕ ಓಯ್ತೀನಿ, ಒತ್ಕೊಂಡಾರೂ ಓಯ್ತೀನಿ" ಅಂದ. ನಿಮಗೆ ಕೈ ಮುಗಿಯುತ್ತೇನೆ, ಹೋಗಿ. ರಿಮೋಟಿನ ವಿಷಯ ಡಾಕ್ಟರಮ್ಮನಿಗೆ ನೀವೇ ಹೇಳಿ. ನನ್ನ ಕೈ ವಿಷಯವನ್ನೂ ಹೇಳಿ.

ನಿಮ್ಮ ಚನ್ನಾಜಿ


ನಂಜನಗೂಡು
11 ಆಗಸ್ಟ್ 2025

ಚನ್ನಾಜಿಗೆ,

ಅಕ್ಷರ ಮತ್ತೆ ಸಣ್ಣದಾಗಿದೆ, ಅಲ್ಲಲ್ಲಿ ಅಲುಗಿದೆ. ಅದಕ್ಕೆ ಕಾರಣ ಒಳ್ಳೆಯದೇ.

ಇಷ್ಟು ದಿನ ಬರೆಯಲು ಆಗಲಿಲ್ಲ. ಆ ಕಾಗದ ಓದಿದ ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಸಂಜೆ ಬೆಟ್ಟಸ್ವಾಮಿ ಬಂದ. ಬೈಸಿಕೊಂಡವನು ಅವನು, ತಲೆ ತಗ್ಗಿಸಿ ಕೂತವನು ನಾನು. "ಏಳಿ ಅಣ್ಣ, ಬಟ್ಟೆ ಆಕ್ಕಳಿ" ಅಂದ. ನಾನೇ ಎದ್ದು ಹೊರಟೆ, ಅವನು ಹೊರಬೇಕಾಗಲಿಲ್ಲ.

ಡಾಕ್ಟರಮ್ಮನ ಮುಂದೆ ಕೂತಾಗ ನನ್ನ ದನಿ ಮೇಲೆ ಬರಲಿಲ್ಲ. ನಿನ್ನ ಕಾಗದವನ್ನೇ ಅವರ ಕೈಗೆ ಕೊಟ್ಟೆ. ಕೊಡಬಾರದಿತ್ತೋ ಏನೋ, ಬಯ್ಯಬೇಡ. ಅವರು ಕನ್ನಡಕ ಹಾಕಿಕೊಂಡು ಕೊನೆಯ ತನಕ ಓದಿದರು. ಆಮೇಲೆ ನನ್ನ ಜೇಬಿನಿಂದ ರಿಮೋಟು ತೆಗೆದುಕೊಂಡರು.

"ಕರೆಂಟು ಜಾಸ್ತಿ ಆದ್ರೆ ಕೈ ಚುರುಕಾಗುತ್ತೆ ನಿಜ. ಆದ್ರೆ ಕೆಲವರಿಗೆ ಮನಸ್ಸು ಅದಕ್ಕಿಂತ ಚುರುಕಾಗಿಬಿಡುತ್ತೆ. ನಿದ್ದೆ ಬೇಡ, ಆಯಾಸ ಇಲ್ಲ ಅನ್ನಿಸೋದು ವಾಸಿಯಾದ ಗುರುತಲ್ಲ ಶಂಭುಲಿಂಗಪ್ಪನವರೇ. ಆಗಲೇ ನಮಗೆ ಫೋನ್ ಮಾಡಬೇಕಾಗಿತ್ತು" ಎಂದರು. ನನ್ನನ್ನು ಅಲ್ಲೇ ಕೆಲವು ದಿನ ಇರಿಸಿಕೊಂಡು ದಿನಾ ಸ್ವಲ್ಪ ಸ್ವಲ್ಪ ಇಳಿಸಿದರು. ತಲೆಯೊಳಗಿನ ತಂತಿಯ ಬೇರೆ ಜಾಗದಿಂದ ಕರೆಂಟು ಹೋಗುವ ಹಾಗೆಯೂ ಮಾಡಿದ್ದಾರಂತೆ. ಎರಡನೇ ದಿನ ಬೆಳಗಿನ ತಿಂಡಿ ತಿನ್ನುತ್ತಾ ಕೂತಲ್ಲೇ ನಿದ್ದೆ ಹೋದೆ. ಇಡ್ಲಿ ಕೈಯಲ್ಲೇ ಇತ್ತು. ಬೆಟ್ಟಸ್ವಾಮಿ ಅದನ್ನು ಬಿಡಿಸಿಕೊಂಡು ನನ್ನನ್ನು ಮಲಗಿಸಿದನಂತೆ. ಎದ್ದಾಗ ದೀಪ ಹಚ್ಚುವ ಹೊತ್ತು. ತಲೆಯೊಳಗೆ ಮೆಷಿನ್ ನಿಂತಿತ್ತು. ಆ ನಿಶ್ಶಬ್ದಕ್ಕೆ ನಾನು ಕೈ ಮುಗಿದೆ ಚನ್ನಾಜಿ.

ಇನ್ನು ಕನಸಿನ ವಿಷಯ. ಕನಸು ಬೀಳುವಾಗ ಎಲ್ಲರ ಕೈಕಾಲೂ ಕಟ್ಟಿಹಾಕಿದಂತೆ ಸುಮ್ಮನಿರುತ್ತವಂತೆ. ಈ ಕಾಯಿಲೆಯವರಲ್ಲಿ ಎಷ್ಟೋ ಜನಕ್ಕೆ ಆ ಕಟ್ಟು ಸಡಿಲವಂತೆ. ಅದಕ್ಕೇ ಕನಸಿನಲ್ಲಿ ಓಡಿದರೆ ಕಾಲು ಓಡುತ್ತದೆ, ಹೊಡೆದರೆ ಕೈ ಹೊಡೆಯುತ್ತದೆ. ಎದೆಯ ಡಬ್ಬಿ ಮೈಯ ಬಿಗಿತ ಬಿಡಿಸಿ ನಿದ್ದೆ ಕೊಡುತ್ತದೆ, ಆದರೆ ಆ ಸಡಿಲವನ್ನು ಸರಿ ಮಾಡುತ್ತದೆ ಎಂದು ಹೇಳಲಾಗುವುದಿಲ್ಲವಂತೆ. ಅದಕ್ಕೆ ಬೇರೆಯೇ ಮಾತ್ರೆ ಇದೆ, ಮಲಗುವ ಮುಂಚೆ ತೆಗೆದುಕೊಳ್ಳುವುದು. "ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ?" ಎಂದು ಡಾಕ್ಟರಮ್ಮ ಕೇಳಿದರು. ಬೆಟ್ಟಸ್ವಾಮಿ, "ಏಳ್ಬೇಕಾದೋರು ಗಂಡನ ಮರ್ಯಾದಿ ನೋಡ್ಕಂಡ್ರು ಮೇಡಂ" ಎಂದ.

ಬೆಟ್ಟಸ್ವಾಮಿ ಆ ಮಾತ್ರೆ ಶುರುವಾದ ದಿನದಿಂದ ನನ್ನ ಕೋಣೆಯಲ್ಲೇ ಚಾಪೆ ಹಾಕಿ ಮಲಗುತ್ತಿದ್ದಾನೆ. ಒಂದೇ ಒಂದು ಸಲ ಏನೋ ಗೊಣಗಿದೆನಂತೆ. ಕೈಕಾಲು ಆಡಿಸಲಿಲ್ಲವಂತೆ. ಪೂರಾ ಹೋಗುತ್ತದೆ ಎಂದು ಡಾಕ್ಟರಮ್ಮ ಮಾತು ಕೊಟ್ಟಿಲ್ಲ. ಮಂಚ ಬೇರೆ ಹಾಕಿಕೊಳ್ಳಿ, ಚೂಪಾದ ಸಾಮಾನು ದೂರ ಇಡಿ ಎಂದಿದ್ದಾರೆ.

ನಿನ್ನ ಮಣಿಕಟ್ಟಿಗೆ ಬ್ಯಾಂಡೇಜು ಕಟ್ಟಿದ್ದ ಅಷ್ಟು ದಿನ ನಾನೇ, "ಬಚ್ಚಲಲ್ಲಿ ನೋಡ್ಕಂಡು ಕಾಲಿಡಬಾರದಾ" ಎಂದು ನಿನಗೆ ಬುದ್ಧಿ ಹೇಳುತ್ತಿದ್ದೆ. ನೀನು ಹೂಂ ಅನ್ನುತ್ತಿದ್ದೆ. ಅದನ್ನು ನೆನೆದರೆ ಏನು ಬರೆಯಬೇಕೋ ತಿಳಿಯುವುದಿಲ್ಲ. ಹೇಳಿದೆಯಲ್ಲ, ಅದು ದೊಡ್ಡದು. ನೀನು ಹೇಳದೆ ಹೋಗಿದ್ದರೆ ಆ ಮಾತ್ರೆ ಇದೆ ಎಂದೇ ನಮಗೆ ಗೊತ್ತಾಗುತ್ತಿರಲಿಲ್ಲ.

ಕೈ ಸ್ವಲ್ಪ ನಡುಗುತ್ತದೆ. ನೇರ ಹೊಲಿಗೆ ಬರುತ್ತದೆ, ಕಾಜಾ ಬರುವುದಿಲ್ಲ. ಕಾಜಾ, ನಿದ್ದೆ ಎರಡರಲ್ಲಿ ಒಂದು ಆರಿಸಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದಾಗ ನಾನು ನಿದ್ದೆ ಎಂದೆ.

ಶಂಭುಲಿಂಗಪ್ಪ


ಟಿ. ನರಸೀಪುರ
22 ಆಗಸ್ಟ್ 2025

ರೀ,

ಕಾಗದ ಡಾಕ್ಟರಮ್ಮನಿಗೆ ತೋರಿಸಿದ್ದಕ್ಕೆ ಮೊದಲು ನಾಚಿಕೆಯಾಯಿತು. ಆಮೇಲೆ, ಓದಲಿ ಬಿಡಿ, ಇನ್ನೊಬ್ಬ ಹೆಂಗಸಿನ ಕೈ ಉಳಿದೀತು ಎನ್ನಿಸಿತು.

ಸ್ನಾನ ಮಾಡಿಸುವಾಗ ಮಗು ಈಗ ನಗುತ್ತದೆ. ಮಧುಶ್ರೀಗೆ ಎಲ್ಲ ಹೇಳಿದೆ. ಅವಳು ನನ್ನ ಮಣಿಕಟ್ಟನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಅವಳೇ, "ಗೌರಿ ಅಬ್ಬ ಕಳ್ದ್ ಮೇಲೆ ಎಲ್ಡ್ ದಿನ ಓಗ್ಬುಟ್ ಬಾ ಅಮ್ಮ, ಮಗೂನ ನಾನೂ ಅವರೂ ನೋಡ್ಕತೀವಿ" ಅಂದಳು.

ಬರುತ್ತೇನೆ. ಮಂಚ ಬೇರೆ ಹಾಕಿ, ಆದರೆ ಕೋಣೆ ಬೇರೆ ಬೇಡ. ಹಸಿರು ಬಣ್ಣ ಇರಲಿ, ಬದಲಾಯಿಸಬೇಡಿ. ತಮ್ಮನ ಹೆಂಡತಿಗೆ ಒಂದು ಸೀರೆ ತೆಗೆದಿಟ್ಟಿದ್ದೇನೆ. ಮೂರು ತಿಂಗಳು ನಿಮಗೆ ಅನ್ನ ಹಾಕಿದ ಕೈ ಅದು.

ಹೆದರಿಕೆ ಪೂರಾ ಹೋಗಿದೆ ಎಂದು ಸುಳ್ಳು ಬರೆಯುವುದಿಲ್ಲ. ಬಂದು ಮಲಗಿ ನೋಡುತ್ತೇನೆ.

ಚನ್ನಾಜಿ


ನಂಜನಗೂಡು
1 ಸೆಪ್ಟೆಂಬರ್ 2025

ಚನ್ನಾಜಿಗೆ,

ನಿನ್ನನ್ನು ಬಸ್ಸು ಹತ್ತಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ಮಗುವಿಗೆ ಹೆಸರಿಟ್ಟ ಮೇಲೆ ಮೂವರೂ ಇಲ್ಲಿಗೇ ಬಂದು ಸ್ವಲ್ಪ ದಿನ ಇರುವುದು ಎಂದು ನೀನು ಹೇಳಿ ಹೋದೆಯಲ್ಲ, ಬೆಟ್ಟಸ್ವಾಮಿ ಆಗಲೇ ತೊಟ್ಟಿಲು ಕಟ್ಟುವ ಕೊಕ್ಕೆ ನೋಡುತ್ತಿದ್ದಾನೆ.

ಮೊದಲ ರಾತ್ರಿ ನೀನು ಮಲಗಲಿಲ್ಲ. ನನಗೆ ಗೊತ್ತು. ನಡುವೆ ಒಮ್ಮೆ ಕಣ್ಣು ಬಿಟ್ಟಾಗ ಆ ಮಂಚದಿಂದ ನೀನು ನನ್ನನ್ನೇ ನೋಡುತ್ತಾ ಗೋಡೆಗೆ ಒರಗಿ ಕೂತಿದ್ದೆ. ಮತ್ತೆ ಕಣ್ಣು ಮುಚ್ಚಿದೆ. ಬೆಳಿಗ್ಗೆ ನೀನು, "ಒಂದ್ ಸಲಾನೂ ಅಲುಗ್ನಿಲ್ಲ ಕಣ್ರೀ" ಎಂದಾಗ ಪರೀಕ್ಷೆ ಪಾಸಾದ ಹುಡುಗನಂತೆ ಬೀಗಿದೆ.

ಎರಡನೆಯ ರಾತ್ರಿಯ ಮಾತು ಬೇರೆ. ನಾನು ಚೆನ್ನಾಗಿ ಮಲಗಿ ಬೆಳಕು ಹರಿಯುವಾಗ ಎದ್ದೆ. ನೀನು ಆ ಕಡೆ ತಿರುಗಿ ಮಲಗಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕೈ ಮಂಚದಿಂದ ಕೆಳಗೆ ಇಳಿಬಿದ್ದಿತ್ತು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದೆ, ನಾನು ಹೇಳಿದರೆ ನಂಬುವುದಿಲ್ಲ ನೀನು. ಹಾಲಿನವನು ಬಂದ, ಬಾಗಿಲಿಗೇ ಹೋಗಿ ಪಾತ್ರೆ ಹಿಡಿದೆ. ತಮ್ಮನ ಹೆಂಡತಿ, "ಅಕ್ಕಾ, ಕಾಪಿ ಆಯ್ತಾ" ಎಂದು ಕೂಗುತ್ತಾ ಬಂದಳು, ತುಟಿಯ ಮೇಲೆ ಬೆರಳಿಟ್ಟೆ. ಅವಳು ಒಳಗೆ ಇಣುಕಿ ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಹೆಜ್ಜೆ ಸದ್ದಾಗದಂತೆ ವಾಪಸು ಹೋದಳು. ನಾನು ಕುರ್ಚಿ ಎಳೆದುಕೊಂಡು ನಿನ್ನ ಮಂಚದ ಪಕ್ಕ ಕೂತೆ. ಕೈ ನಡುಗಿ ಕುರ್ಚಿ ಸದ್ದಾದೀತು ಎಂದು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ.

ಬಿಸಿಲು ನಿನ್ನ ಮುಖಕ್ಕೆ ಬಂದಾಗ ನೀನು ದಡಕ್ಕನೆ ಎದ್ದು, "ಅಯ್ಯೋ, ಇಷ್ಟೊತ್ತಾಗದೆ! ಯಾಕ್ರೀ ಎಬ್ಬಿಸ್ನಿಲ್ಲ? ಅಲ್ಲಿ ಕೂತ್ಕಂಡು ಏನ್ ಮಾಡ್ತಿದ್ರಿ?" ಎಂದು ಗದರಿದೆ. ಹಾಲು ಬಂದಿದೆ ಎಂದಷ್ಟೇ ಹೇಳಿದೆ. ನೀನು ಕೂದಲು ಗಂಟು ಹಾಕಿಕೊಂಡು ಅಡುಗೆ ಮನೆಗೆ ಹೋದೆ.

ಮದುವೆಯಾಗಿ ಇಷ್ಟು ವರ್ಷದಲ್ಲಿ ನೀನು ಮಲಗಿರುವುದನ್ನು ನಾನು ಬೆಳಕಿನಲ್ಲಿ ನೋಡಿಯೇ ಇರಲಿಲ್ಲ ಚನ್ನಾಜಿ. ನನಗಿಂತ ಆಮೇಲೆ ಮಲಗಿ, ನನಗಿಂತ ಮೊದಲು ಎದ್ದವಳು ನೀನು. ಅದನ್ನೇ ನೋಡುತ್ತಾ ಕೂತಿದ್ದೆ ಕಣೇ.

ಶಂಭುಲಿಂಗಪ್ಪ